ಸೋಪು ಹಾಕದೆ ನೊರೆ ಬಂದ ಕಲ್ಲು

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಕಲಸುವ ಯಂತ್ರ ಆಗಲೇ ಗುರ್ರೆನ್ನುತ್ತಿದೆ. ಮೊಣಕೈವರೆಗೆ ಕೈಗವಸು, ಕಣ್ಣಿಗೆ ದಪ್ಪ ಕನ್ನಡಕ ತೊಟ್ಟು, ಎಲ್ಲರೂ ‘ಅಕ್ಕ’ ಎನ್ನುವ ಸಹಾಯಕಿ ಕ್ಷಾರದ ನೀರಿಗೆ ಸುಟ್ಟ ಜೇಡಿಪುಡಿ ಸುರಿಯುತ್ತಿದ್ದಾರೆ. ಪಾಕ ಜೇನಿನ ಹದಕ್ಕೆ ಬಂದದ್ದೇ ತಡ, ಸೂರ್ಯಕಾಂತಿ ಎಣ್ಣೆ ನೂಲಿನಂತೆ ಇಳಿಯುತ್ತದೆ.

"ಅವಸರ ಮಾಡಿದ್ರೆ ಎಣ್ಣೆ ಮೇಲೆ, ಪಾಕ ಕೆಳಗೆ. ಜಗಳ ಆಡಿದ ಅಕ್ಕ-ತಂಗಿ ಥರ ಮುಖ ತಿರುಗಿಸ್ಕೊಂಡು ಕೂತ್ಬಿಡ್ತವೆ," ಎಂದು ನಗುತ್ತಾರೆ.

ಸಿಮೆಂಟಿಲ್ಲದೆ ಕಲ್ಲಾಗುವ ಈ ಪಾಕಕ್ಕೆ ಜಿಯೋಪಾಲಿಮರ್ ಎಂದು ಹೆಸರು. ಇಲ್ಲಿ ಬೇಕಿರುವುದು ಕೆಸರುನೀರು ಸೋಸಬಲ್ಲ, ಸಣ್ಣ ಸಣ್ಣ ತೂತಿನ ಕಲ್ಲು. ಕಲ್ಲು ಗಟ್ಟಿಯಾದ ಮೇಲೆ ಎಣ್ಣೆ ತೆಗೆದರೆ ಅದರ ಹನಿ ಕೂತ ಜಾಗವೇ ತೂತು. ಇವತ್ತು ಹತ್ತು ಗಂಟೆಗೆ ಪರೀಕ್ಷೆ. ನೀರು ಇಳಿಯದಿದ್ದರೆ ಕೋಣೆಗೆ ಬೀಗ, ಅಕ್ಕನಿಗೆ ಉಗ್ರಾಣದ ಕೆಲಸ ಎಂದು ಮೇಲಿನವರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಾರೆ.

ಗಂಡ ತೀರಿಕೊಂಡ ವರ್ಷ ಪಾತ್ರೆ ತೊಳೆಯಲು ಬಂದ ಅಕ್ಕನಿಗೆ ಇದು ಹದಿನೆಂಟನೆಯ ವರ್ಷ. ತೊಳೆಯಲು ಎಲ್ಲ ಪ್ರಯೋಗಗಳದ್ದೂ ಸೇರಿ ದಿನಕ್ಕೆ ಇಪ್ಪತ್ತನಾಲ್ಕು ಅಚ್ಚು, ಎಪ್ಪತ್ತು ಲೀಟರ್ ಬಿಸಿನೀರು. ಮುಂಗೈ ಮೇಲೆ ಕ್ಷಾರ ಸುಟ್ಟ ಎರಡು ಕಲೆಗಳಿವೆ.

ಎಣ್ಣೆ ಹೋಗಲೆಂದು ಮೊದಲೆಲ್ಲ ಕಲ್ಲನ್ನು ಕುಲುಮೆಯಲ್ಲಿ ಸುಡುತ್ತಿದ್ದರು. ಹಾಗೆ ಸುಟ್ಟ ಮೂವತ್ತೊಂಬತ್ತೂ ಸೀಳಿಹೋದವು. ನಲವತ್ತನೆಯದು ಅಚ್ಚಿನ ತಳಕ್ಕೆ ಕಚ್ಚಿಕೊಂಡಿತ್ತು. ಖಾಲಿ ಅಚ್ಚೆಂದುಕೊಂಡು ಅಕ್ಕ ಅದನ್ನೂ ಬಿಸಿನೀರಿನ ತೊಟ್ಟಿಗೆ ಹಾಕಿಬಿಟ್ಟರು!

"ಊಟ ಮಾಡ್ಕೊಂಡು ಬಂದ್ರೆ ತೊಟ್ಟಿ ತುಂಬ ನೊರೆ. ಒಳಗೆ ಕಲ್ಲು ನೋಡಿ, ಹಾಳು ಮಾಡ್ಬಿಟ್ಟೆ ಅಂದ್ಕೊಂಡೆ. ಆಮೇಲೆ ಹೊಳೀತು, ನಾನಿನ್ನೂ ಸೋಪೇ ಹಾಕಿಲ್ವಲ್ಲ!"

ಸೋಪು ಕಲ್ಲಿನೊಳಗೇ ಆಗಿತ್ತು. ಕ್ಷಾರ ಎಣ್ಣೆಯನ್ನು ಒಡೆದು ಸೋಪೂ ಗ್ಲಿಸರಿನ್ನೂ ಮಾಡಿತ್ತು. ಬಿಸಿನೀರು ಅವನ್ನು ಕರಗಿಸಿ ಹೊರಗೆ ತಂದಿತು, ಎಣ್ಣೆಹನಿ ಕೂತ ಜಾಗ ತೂತಾಗಿ ಉಳಿಯಿತು.

"ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತು ನಮ್ಮ ಕಥೆ," ಎನ್ನುತ್ತಾರೆ ಇಲ್ಲಿನ ಸಂಶೋಧಕಿ. "ನಾವು ಸುಡ್ತಿದ್ವಿ, ಅಕ್ಕ ತೊಳೆದ್ರು."

ಹತ್ತು ಗಂಟೆ. ಕೊಳವೆಯ ಬಾಯಿಗೆ, ಕಳೆದ ವಾರ ಎರೆದು ಬಿಸಿನೀರಲ್ಲಿ ತೊಳೆದಿಟ್ಟ ನಲವತ್ತೊಂದನೆಯ ಕಲ್ಲು, ಮೇಲೆ ಕೆಸರುನೀರು. ಒಂದು ನಿಮಿಷ. ಎರಡು. ಅಕ್ಕ ಸೆರಗು ಹಿಂಡುತ್ತಿದ್ದಾರೆ. ಒಂದು ಹನಿ ಬೀಳುತ್ತದೆ. ಇನ್ನೊಂದು. ಆಮೇಲೆ ಎಳೆಯಾಗಿ, ತಿಳಿಯಾಗಿ ನೀರು! ಕೋಣೆಯಲ್ಲಿ ಕೇಕೆಯೋ ಕೇಕೆ. ಮೇಲಿನವರು ಬೀಗದ ಮಾತೇ ಎತ್ತದೆ, ಇನ್ನೂರು ಕಲ್ಲು ಬೇಕೆಂದು ಹೇಳಿ ಹೋಗುತ್ತಾರೆ.

ವರದಿ ಬರೆಯಲು ಕೂತ ಸಂಶೋಧಕಿ ಕೇಳುತ್ತಾರೆ: "ಅಕ್ಕ, ನಿಮ್ಮ ಬಗ್ಗೆ ಏನು ಬರೀಲಿ?"

ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. "ನನ್ನ ಬಗ್ಗೆ ಏನ್ ಬೇಡ. ನೀರು ಎಷ್ಟು ಬಿಸಿ, ಎಷ್ಟು ಸಲ ಬದಲಾಯಿಸ್ಬೇಕು, ಅದನ್ನ ಬರೀರಿ. ಕಲಸೋದು ಎಲ್ಲ ಪುಸ್ತಕದಲ್ಲೂ ಇರುತ್ತೆ. ತೊಳೆಯೋದನ್ನ ಯಾರೂ ಬರೆಯೋದೇ ಇಲ್ಲ."