ಸದ್ದಿಲ್ಲದೆ ಇಳಿಯುವ ವಿದ್ಯೆ

ಕುಂಬಾರಕೊಪ್ಪಲಿನ ನಮ್ಮ ವಾಲಿಬಾಲ್ ಕೋಚ್‌ಗೆ ಹೊಟ್ಟೆ ದೊಡ್ಡದು, ಕಿವಿ ಚುರುಕು. ನೆಟ್ಟಿನ ಮೇಲಕ್ಕೆ ಕೈ ಹೋಗುವಷ್ಟು ಎತ್ತರ ಹಾರಬೇಕೆಂದು ನಾವು ಅವರ ಬಳಿ ಸೇರಿದರೆ, ಅವರು ನಮ್ಮನ್ನು ಹಾರಿಸಲೇ ಇಲ್ಲ. ಮರಳಿನ ಚೀಲ ಹೊತ್ತು ಬಸ್ಕಿ ಹೊಡೆಯಬೇಕು, ಆಮೇಲೆ ಸಿಮೆಂಟ್ ಬೆಂಚಿನಿಂದ ಸದ್ದಾಗದಂತೆ ಕೆಳಕ್ಕೆ ಧುಮುಕಬೇಕು, ಅಷ್ಟೇ. ಅವರು ನಮಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಧಪ್ಪೆಂದರೆ ಸಾಕು, ತಿರುಗದೆಯೇ ಹೇಳುತ್ತಿದ್ದರು: "ಸದ್ದು ಬಂತು ಕಣೋ, ಮಂಡಿ ಹೋಯ್ತು!"

ಅವರು ಹಾರಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. "ಇವ್ರಿಗೇ ಬರಲ್ಲ ಕಣೋ" ಎಂದು ಗುಸುಗುಸು ಎದ್ದು, ಅರ್ಧ ಟೀಮು ಬೇರೆ ಕೋಚನ್ನು ಹುಡುಕಲು ಹೊರಟಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಬೀದಿನಾಯಿಯೊಂದು ಅವರನ್ನು ಅಟ್ಟಿಸಿಕೊಂಡು ಬಂತು. ಮೈದಾನದ ಪಕ್ಕದಲ್ಲಿದ್ದದ್ದು ಹಾಲಿನವರ ಮನೆಯ ಎದೆಮಟ್ಟದ ಕಾಂಪೌಂಡು. ಕೋಚ್ ಅದನ್ನು ಒಂದೇ ನೆಗೆತಕ್ಕೆ ದಾಟಿ ಮಾಯವಾದರು. ಆಚೆಯಿಂದ ಚೂರೂ ಸದ್ದಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಅಂಥ ಇಳಿತ! ನಾಯಿಯೂ ಬಾಯಿ ಮುಚ್ಚಿ ನಿಂತಿತು.

"ಸದ್ದೇ ಬರ್ಲಿಲ್ಲ ಸಾರ್!" ಎಂದು ನಾನು ಭಕ್ತಿಯಿಂದ ಕೂಗಿದೆ.

ಗೋಡೆಯಾಚೆಯಿಂದ ಉತ್ತರ ಬಂತು.

"ಹೆಂಗೋ ಬತ್ತದೆ? ಸೊಂಟದ್ ಗಂಟ ಸಗಣಿ ಗುಂಡೀಲಿದೀನಿ. ಬಂದು ಎಳೀರ್ರೋ!"