ಕತ್ತಲಲ್ಲಿ ಎತ್ತಿ ಹಿಡಿದ ಫೋನು

ಸಿನಿಮಾ ಮಂದಿರದಲ್ಲಿ ದೀಪಗಳು ಆರಿದ ಕೂಡಲೇ ಉಳಿದವರೆಲ್ಲ ತೆರೆಯನ್ನು ನೋಡುತ್ತಾರೆ. ನಾನು ಜನರನ್ನು ನೋಡುತ್ತೇನೆ. ಯಾವ ಸಾಲಿನಲ್ಲಿ ಯಾರ ಕೈ ಜೇಬಿಗೆ ಹೋಯಿತು, ಯಾರ ಗದ್ದದ ಕೆಳಗೆ ನೀಲಿ ಬೆಳಕು ಮೂಡಿತು, ಯಾರು ಫೋನನ್ನು ಕಿವಿಗೆ ಒತ್ತಿ ಮೊಣಕಾಲಿನವರೆಗೆ ಬಗ್ಗಿದರು ಎಂಬ ವಿಚಾರಣೆಯಲ್ಲಿಯೇ ನನ್ನ ಪಾಲಿನ ಮೊದಲ ಹಾಡು ಮುಗಿದುಹೋಗುತ್ತದೆ. ಹಾಗೆ ಬಗ್ಗಿದವರು ತಾವು ಯಾರಿಗೂ ಕಾಣುತ್ತಿಲ್ಲವೆಂದು ನಂಬಿರುತ್ತಾರೆ. ವಾಸ್ತವದಲ್ಲಿ ಆ ಹೊತ್ತಿಗೆ ಇಡೀ ಮಂದಿರದಲ್ಲಿ ನಾಯಕನ ಮುಖವನ್ನು ಬಿಟ್ಟರೆ ಸ್ಪಷ್ಟವಾಗಿ ಕಾಣುವುದು ಅವರ ಮುಖವೇ.

ಇದನ್ನು ವೃತ್ತಿದೋಷವೆಂದು ಕರೆದರೂ ನನ್ನ ಆಕ್ಷೇಪವಿಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿರುವ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ನೌಕರ. ಎಲ್ಲವೂ ಸರಿಯಾಗಿರುವಾಗಲೂ ಎಲ್ಲಿಯೋ ಏನೋ ಸರಿಯಿಲ್ಲವೆಂದು ಭಾವಿಸುವುದಕ್ಕಾಗಿಯೇ ನನಗೆ ಸಂಬಳ ಕೊಡುತ್ತಾರೆ. ಫೋನನ್ನು ಗೇಟಿನಲ್ಲಿ ಒಪ್ಪಿಸಿಯೇ ಒಳಗೆ ಹೋಗಬೇಕು. ಇದರ ಜೊತೆಗೆ, ಬಸವಕಲ್ಯಾಣದ ಬಳಿಯ ಮೋರಖಂಡಿಯ ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ಹೀಗೆ ಓದಿದವರಿಗೆ ಒಂದು ಭಯ ಇರುತ್ತದೆ: ಎಲ್ಲಿ ಹೇಗೆ ಕುಳಿತುಕೊಳ್ಳಬೇಕು, ಯಾರ ಮುಂದೆ ಯಾವ ಮಾತು ಆಡಬೇಕು ಎಂಬುದು ಉಳಿದವರಿಗೆಲ್ಲ ಮೊದಲೇ ಗೊತ್ತಿದೆ, ತನಗೊಬ್ಬನಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬ ಭಯ. ಆದ್ದರಿಂದ ಗೋಡೆಯ ಮೇಲೆ ಬರೆದ ಸೂಚನೆ ಎಲ್ಲಿಯೇ ಕಂಡರೂ ನನಗೆ ಸಮಾಧಾನವಾಗುತ್ತದೆ. ಸಿನಿಮಾದ ಆರಂಭದಲ್ಲಿ ‘ದಯವಿಟ್ಟು ಮೊಬೈಲ್ ಬಂದ್ ಮಾಡಿ’ ಎಂಬ ಅಕ್ಷರಗಳು ಬಂದಾಗ ಅವನ್ನು ಪೂರ್ತಿ ಓದುವವನು ಬಹುಶಃ ನಾನೊಬ್ಬನೇ.

ಉಳಿದವರು ಆ ಸಮಯದಲ್ಲಿ ಫೋನಿನಲ್ಲಿ ಮಾತನಾಡುತ್ತಿರುತ್ತಾರೆ. ‘ಪಿಚ್ಚರ್‌ನಾಗ ಅದೀನ್ರಿ, ಆಮ್ಯಾಲ ಮಾತಾಡ್ತೀನಿ’ ಎಂದು ಕೂಗಿ ಹೇಳುವವರನ್ನು ನಾನು ಕ್ಷಮಿಸಬಲ್ಲೆ. ಅವರು ಕನಿಷ್ಠ ಪಕ್ಷ ಸತ್ಯವನ್ನು ನುಡಿಯುತ್ತಾರೆ. ನನ್ನ ಸಂಶಯವೆಲ್ಲ ಪಿಸುಗುಟ್ಟುವವರ ಮೇಲೆ. ಒಮ್ಮೆ ನನ್ನ ಮುಂದಿನ ಸಾಲಿನ ಗೃಹಸ್ಥರೊಬ್ಬರು, ತೆರೆಯ ಮೇಲೆ ನಾಯಕಿ ಹಿಮದಲ್ಲಿ ಹಾಡುತ್ತಿರುವಾಗ, ‘ಬಸ್‌ನಾಗ ಅದೀನಿ, ಈಗ ರಾಜೇಶ್ವರ ದಾಟ್ತು’ ಎಂದು ಮನೆಗೆ ತಿಳಿಸುತ್ತಿದ್ದರು. ಹಾಡು ಕೇಳಿಸುತ್ತಿದೆಯಲ್ಲ ಎಂದು ಆ ಕಡೆಯವರು ಕೇಳಿರಬೇಕು. ‘ಬಸ್‌ನಾಗ ಟಿವಿ ಹಚ್ಚ್ಯಾರ’ ಎಂದರು. ಆ ಮನೆಯಲ್ಲಿ ಮುಂದೇನಾಯಿತೋ ಎಂಬ ಚಿಂತೆಯಲ್ಲಿ ನನಗೆ ಆ ಚಿತ್ರದ ಖಳನಾಯಕ ಯಾರೆಂಬುದೇ ತಿಳಿಯಲಿಲ್ಲ.

ಫೋನು ಬರುವುದಕ್ಕೆ ಮೊದಲು ಪ್ರೇಕ್ಷಕರೆಲ್ಲ ಮೌನವಾಗಿ ಕಲೆಯನ್ನು ಆಸ್ವಾದಿಸುತ್ತಿದ್ದರೆಂದು ಯಾರಾದರೂ ಹೇಳಿದರೆ ಅದನ್ನೂ ನಾನು ಸಂಶಯದಿಂದಲೇ ಕೇಳುತ್ತೇನೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಮೌನವಾಗಿದ್ದ ಪ್ರೇಕ್ಷಕನೆಂದರೆ ನಿದ್ರೆ ಹೋದ ಪ್ರೇಕ್ಷಕ. ಯುದ್ಧದ ಪ್ರಸಂಗ ಬಂದಾಗ ಪಕ್ಕದವರು ಅವನನ್ನು ಅಲುಗಿಸಿ ಎಬ್ಬಿಸುತ್ತಿದ್ದರು. ಸಿನಿಮಾ ಬಂದ ಮೇಲೂ ಸೀಟಿ ಹೊಡೆಯುವವನು, ಅಳುವ ಕೂಸು, ಮುಂದಿನ ಕಥೆಯನ್ನು ಮೊದಲೇ ಹೇಳಿಬಿಡುವ ಪಕ್ಕದವನು ಎಲ್ಲರೂ ಇದ್ದರು. ಆದರೆ ಆ ಗದ್ದಲವೆಲ್ಲ ಒಳಗಿನ ಗದ್ದಲ, ಅದಕ್ಕೆ ನಾವೆಲ್ಲರೂ ಪಾಲುದಾರರು. ಫೋನು ಹೊರಗಿನವರನ್ನು ಒಳಗೆ ತರುತ್ತದೆ. ಟಿಕೆಟ್ ಇಲ್ಲದ, ಮುಖ ಕಾಣದ ಯಾರೋ ಒಬ್ಬರು ಕತ್ತಲಲ್ಲಿ ನಮ್ಮ ನಡುವೆ ಬಂದು ಕುಳಿತಿರುತ್ತಾರೆ. ಮಾತು ಹೇಗಿರಬೇಕೆಂಬುದರ ಬಗ್ಗೆ ಬಸವಕಲ್ಯಾಣದ ನೆಲದಲ್ಲಿ ಹಿರಿಯರು ಬೇಕಾದಷ್ಟು ಹೇಳಿ ಹೋಗಿದ್ದಾರೆ. ಹೀಗೆ ಬಂದು ಕೂರುವವರ ಬಗ್ಗೆ ಮಾತ್ರ ಏನೂ ಹೇಳಿಲ್ಲ.

ಇಷ್ಟು ಸಿದ್ಧಾಂತವಿದ್ದ ನಾನು ಕಾಶಪ್ಪ ಮಾಮಾನವರ ಜೊತೆ ಹುಮನಾಬಾದಿನಲ್ಲಿ ಸಿನಿಮಾಕ್ಕೆ ಹೋದದ್ದು ಒಂದು ಭಾನುವಾರದ ಮಧ್ಯಾಹ್ನ.

ಮಾಮಾನವರು ಅಂಬಿಕಾ ಎಂಬ ಹುಡುಗಿಯ ಸೋದರಮಾವ; ಅಲ್ಲಿನ ಗಂಜ್ ಮಾರುಕಟ್ಟೆಯಲ್ಲಿ ತೊಗರಿ-ಕಡಲೆಯ ಅಡತ್, ಅಂದರೆ ದಲ್ಲಾಳಿ, ಅಂಗಡಿ ನಡೆಸುತ್ತಾರೆ. ಅದಕ್ಕೆ ಹಿಂದಿನ ವಾರವಷ್ಟೇ ನಾವು ಹೆಣ್ಣು ನೋಡಲು ಅವಳ ಊರಾದ ರಾಜೇಶ್ವರಕ್ಕೆ ಹೋಗಿದ್ದೆವು. ಅದಕ್ಕೂ ಮೊದಲು ಬೇರೆ ಕೆಲವು ಮನೆಗಳವರು ನನ್ನನ್ನು ನೋಡಿ, ಹುಡುಗ ಒಳ್ಳೆಯವನೇ, ಆದರೆ ಮಾತನಾಡಿದರೆ ನೋಟಿಸ್ ಓದಿದಂತಿರುತ್ತದೆ ಎಂದು ಹೇಳಿ ಸುಮ್ಮನಾಗಿದ್ದರು. ಅಂಬಿಕಾ ಮಾತ್ರ ಚಹದ ತಟ್ಟೆಯನ್ನು ಇಟ್ಟು ನನ್ನನ್ನೇ ನೇರವಾಗಿ ಕೇಳಿದ್ದಳು: ‘ನೀವು ಮನ್ಯಾಗೂ ಹಿಂಗ ಮಾತಾಡ್ತೀರೇನ್ರಿ?’ ಅದರಲ್ಲಿ ಅಪಹಾಸ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆ ಇತ್ತು. ಆ ಪ್ರಶ್ನೆಗೆ ಜೀವನಪೂರ್ತಿ ಉತ್ತರ ಕೊಡುತ್ತಾ ಇರಬಹುದಲ್ಲ ಎಂದು ನನಗೆ ಆ ಕ್ಷಣದಲ್ಲಿಯೇ ಅನ್ನಿಸಿತು. ಆದರೆ ಆ ಮನೆಯಲ್ಲಿ ಅವಳ ಅಜ್ಜಿ ಹೂಂ ಎನ್ನದೆ ಯಾವ ಸಂಬಂಧವೂ ಗಟ್ಟಿಯಾಗುವುದಿಲ್ಲ. ಎಲ್ಲರೂ ಆಯಿ ಎಂದು ಕರೆಯುವ ಆ ಹಿರಿಯರು ಮಂಚದ ಮೇಲೆ ಕುಳಿತು ನನ್ನನ್ನು ನೋಡಿದ್ದರು, ಏನೂ ಹೇಳಿರಲಿಲ್ಲ. ಹಾಗಿರುವಾಗ ಮಾಮಾನವರು ಫೋನು ಮಾಡಿ ಪಿಚ್ಚರ್‌ಗೆ ಕರೆದರೆ, ಅದನ್ನು ಬರೀ ಪಿಚ್ಚರ್ ಎಂದು ನಂಬುವುದಕ್ಕೆ ನನ್ನಂಥವನಿಗೆ ಸಾಧ್ಯವೇ?

ಸಿನಿಮಾ ಮಂದಿರದ ಗೇಟಿನಲ್ಲಿ ನಾನು ನಮಸ್ಕರಿಸಿ, ‘ತಮ್ಮ ಆಹ್ವಾನಕ್ಕೆ ಕೃತಜ್ಞನಾಗಿದ್ದೇನೆ’ ಎಂದೆ. ಮಾಮಾನವರು ನನ್ನ ಭುಜ ತಟ್ಟಿದರು.

‘ಇನ್ನಾ ಅಳಿಯಂದ್ರ ಅನ್ನಂಗಿಲ್ಲ, ಮಾತು ಮುಗದಿಲ್ಲ. ತಮ್ಮಾ ಅಂತೀನಿ, ನಡೀತದಲ್ಲ?’ ಎಂದರು.

‘ಅವಶ್ಯವಾಗಿ’ ಎಂದೆ.

ಒಳಗೆ ಕುಳಿತು ದೀಪ ಆರಿದ ಕೂಡಲೇ ಅವರು ಜೇಬಿನಿಂದ ಫೋನು ತೆಗೆದರು. ಒಂದಿಷ್ಟು ಒತ್ತಿದರು. ಬಳಿಕ ಅದನ್ನು ನಮ್ಮಿಬ್ಬರ ನಡುವೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಕಲ್ಲಿನಂತೆ ಕುಳಿತುಬಿಟ್ಟರು. ನಾನು ಓರೆಗಣ್ಣಿನಿಂದ ನೋಡಿದೆ. ಫೋನಿನ ವಿಡಿಯೊ ಕರೆಯಲ್ಲಿ ಒಂದು ಮುಖವಿತ್ತು. ಆಯಿಯದು. ಅದರ ಹಿಂದೆ ಇನ್ನೂ ಎರಡು ಮೂರು ಮಸುಕಾದ ಮುಖಗಳು. ಎಲ್ಲವೂ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದವು.

ಪರೀಕ್ಷೆಯ ಕೊಠಡಿಯಲ್ಲಿ ಕೂತ ಅನುಭವ ನನಗೆ ಇದೆ. ಆದರೆ ಪ್ರಶ್ನೆಪತ್ರಿಕೆಯನ್ನು ಕೊಡದೆ ಮೌಲ್ಯಮಾಪನ ಆರಂಭಿಸಿದ ಪರೀಕ್ಷೆ ಅದೊಂದೇ. ನಾನು ಕಾಲರ್ ಸರಿಪಡಿಸಿಕೊಂಡೆ. ತೆರೆಯ ಮೇಲೆ ಹಾಸ್ಯ ಬಂತು, ಎಲ್ಲರೂ ನಕ್ಕರು. ನಾನು ನಕ್ಕರೆ ಹಗುರ ಸ್ವಭಾವದವನೆಂದು ತಿಳಿಯಬಹುದು, ನಗದಿದ್ದರೆ ನೋಟಿಸ್ ಎಂದು ಮತ್ತೆ ಹೇಳಬಹುದು. ಅರ್ಧ ನಕ್ಕೆ. ನಾಯಕಿಯ ನೃತ್ಯ ಬಂದಾಗ ತೆರೆಯನ್ನು ನೋಡುವುದು ಉಚಿತವಲ್ಲವೆಂದು ತಲೆ ತಗ್ಗಿಸಿದೆ. ಮತ್ತೆ ಫೋನಿನತ್ತ ಕಣ್ಣು ಹಾಯಿಸಿದೆ. ಆಯಿ ತುಟಿ ಬಿಗಿಹಿಡಿದು ನೋಡುತ್ತಲೇ ಇದ್ದರು. ಹೀಗೆ ನಾನು ಹೊರಳಿ ಹೊರಳಿ ನೋಡುವುದು ನನ್ನ ಇನ್ನೊಂದು ಪಕ್ಕದಲ್ಲಿದ್ದ ಯುವಕನಿಗೆ ಸರಿಬರಲಿಲ್ಲ. ‘ಪಿಚ್ಚರ್ ಸಾಮ್ನೆ ಹೈ ಭಾಯ್, ಇಧರ್ ಉಧರ್ ನಕ್ಕೊ ದೇಖೊ’ ಎಂದ. ಸಿನಿಮಾ ಮುಂದಿದೆ, ಅತ್ತಿತ್ತ ನೋಡಬೇಡ ಎಂಬುದನ್ನು ನನಗೆ ತಿಳಿಸಬೇಕಾದ ಸ್ಥಿತಿ ಬಂದಿತ್ತು.

ಕೊನೆಗೆ ನನಗೆ ತಡೆಯಲಾಗಲಿಲ್ಲ. ಆದರೆ ನನ್ನನ್ನೇಕೆ ತೋರಿಸುತ್ತಿದ್ದೀರಿ ಎಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಇಂಥ ಸಮಯದಲ್ಲಿ ನಿಯಮಗಳು ಬಹಳ ಉಪಯೋಗಕ್ಕೆ ಬರುತ್ತವೆ.

‘ತಾವು ದಯವಿಟ್ಟು ಫೋನನ್ನು ಕೆಳಗಿಡಬೇಕು. ಹಿಂದೆ ಕುಳಿತವರಿಗೆ ತೊಂದರೆಯಾಗುತ್ತದೆ’ ಎಂದೆ.

ಮಾಮಾನವರು ನಿಧಾನವಾಗಿ ಹಿಂದೆ ತಿರುಗಿದರು. ನಾವು ಕುಳಿತದ್ದು ಕೊನೆಯ ಸಾಲು. ಹಿಂದೆ ಗೋಡೆ ಇತ್ತು.

‘ಗೋಡಿಗಿ ತ್ರಾಸ ಆಗಾಕತ್ತದೇನ್ರಿ?’ ಎಂದರು.

‘ಆದರೂ, ನಿಯಮವೆಂದರೆ ನಿಯಮ’ ಎಂದೆ. ಧ್ವನಿ ಸ್ವಲ್ಪ ದೊಡ್ಡದಾಗಿಯೇ ಬಂದಿರಬೇಕು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಅವರು ಫೋನನ್ನು ಬಾಯಿಯ ಬಳಿ ತಂದು, ‘ಆಯಿ, ಇಡ್ತೀನಿ. ಸಾಹೇಬ್ರು ಬ್ಯಾಡ ಅನ್ಲಾಕತ್ತಾರ’ ಎಂದು ಹೇಳಿ ಆರಿಸಿದರು. ತಮ್ಮನಾಗಿದ್ದವನು ಸಾಹೇಬನಾದೆ. ನಮ್ಮ ಭಾಗದಲ್ಲಿ ಇದು ಬಡ್ತಿಯಲ್ಲ.

ಸ್ವಲ್ಪ ಹೊತ್ತಿನಲ್ಲೇ ತೆರೆಯ ಮೇಲೆ ಯಾರೋ ಒಂದು ಮನೆಯ ಬಾಗಿಲು ಬಡಿದರು, ತಾಯಿಯೊಬ್ಬಳು ಬಾಗಿಲು ತೆರೆಯಲು ಎದ್ದಳು, ಮಧ್ಯಂತರವಾಯಿತು.

ಹೊರಗೆ ಚಹ ಕುಡಿಯುವಾಗ ಮಾಮಾನವರು ತಾವಾಗಿಯೇ ಹೇಳಿದರು. ‘ಆಯಿ ಸೊಂಟ ಮುರಕೊಂಡಾಳ, ಥೇಟರಿಗಿ ಬರಾಕ ಆಗಂಗಿಲ್ಲ. ಪಿಚ್ಚರ್ ಅಂದ್ರ ಜೀವ ಬಿಡ್ತಾಳ. ಹೊಸಾದು ಬಂದ್ರ ನಾ ಹಿಂಗ ಫೋನ್ ಹಿಡದು ತೋರಸ್ತೀನಿ.’

‘ಹಾಗಾದರೆ ಅವರು ನೋಡುತ್ತಿದ್ದದ್ದು...’

‘ಪಿಚ್ಚರ್. ಮತ್ತೇನು ನೋಡ್ತಾಳ?’ ಎಂದು ಅವರು ನನ್ನ ಮುಖವನ್ನೇ ನೋಡಿದರು. ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತದೆ. ‘ನಿಮ್ಮ ಮಾರಿ ನೋಡಾಕತ್ತಾಳ ಅಂತ ತಿಳದಿದ್ರೇನು? ಅದನ್ನ ಮನ್ಯಾಗ ಪುಕ್ಕಟ ನೋಡ್ಯಾಳಲ್ರಿ.’

ಫೋನಿನ ಹಿಂಬದಿಯಲ್ಲಿಯೂ ಒಂದು ಕ್ಯಾಮೆರಾ ಇರುತ್ತದೆ, ಅದು ತೆರೆಯತ್ತ ಮುಖ ಮಾಡಿತ್ತು ಎಂಬ ಸರಳ ಸಂಗತಿ ಗುಣಮಟ್ಟ ವಿಭಾಗದವನಿಗೆ ಹೊಳೆದಿರಲಿಲ್ಲ. ಸಿನಿಮಾವನ್ನು ಹಾಗೆ ತೋರಿಸುವುದು ಕಾನೂನಿಗೆ ವಿರುದ್ಧವೆಂಬುದು ನಿಜ. ಆದರೆ ನಾನು ಆಕ್ಷೇಪಿಸಿದ್ದು ಕಾನೂನಿನ ಪರವಾಗಿ ಅಲ್ಲ ಎಂಬುದೂ ಅಷ್ಟೇ ನಿಜ. ಇನ್ನರ್ಧ ಚಿತ್ರವನ್ನು ಅವರಿಗೆ ತೋರಿಸಬೇಕೆಂದು ಬೇಡಿಕೊಂಡೆ.

‘ನಿಯಮ ಅಂದ್ರಿ. ಮಂದಿ ಕೇಳ್ಯಾರ. ಈಗ ಹ್ಯಾಂಗ ಹಿಡೀಲಿ?’ ಎಂದು ಅವರು ಲೋಟ ಇಟ್ಟು ಒಳಗೆ ನಡೆದರು.

ದ್ವಿತೀಯಾರ್ಧದಲ್ಲಿ ಮಾಮಾನವರ ಫೋನು ಒಮ್ಮೆಯೂ ಹೊತ್ತಲಿಲ್ಲ. ನಾನು ಬಯಸಿದ ಸಂಪೂರ್ಣ ಕತ್ತಲೆ ನನಗೆ ದೊರೆತಿತ್ತು, ಆ ಕತ್ತಲಲ್ಲಿ ನಾನು ಅವರ ಉಸಿರನ್ನು ಮಾತ್ರ ಕೇಳುತ್ತಿದ್ದೆ. ಕೋಪವೇ, ನಿದ್ರೆಯೇ, ಅಥವಾ ಸಂಬಂಧ ಬೇಡವೆಂದು ಹೇಗೆ ಹೇಳಬೇಕೆಂಬ ಯೋಚನೆಯೇ? ಅಷ್ಟರಲ್ಲಿ ನನ್ನದೇ ಜೇಬಿನಲ್ಲಿ ಫೋನು ಗುಂಯ್ ಎಂದು ನಡುಗಿತು. ಮನೆಯಿಂದ ಅಪ್ಪನದೇ ಇರಬೇಕು, ಏನಾಯಿತೆಂದು ಕೇಳಲು. ತೆಗೆಯುವಂತಿಲ್ಲ, ನಿಯಮವನ್ನು ಸಾರಿದವನು ನಾನೇ. ಅದು ನಡುಗಿತು, ನಿಂತಿತು, ಮತ್ತೆ ನಡುಗಿತು. ತೆರೆಯ ಮೇಲೆ ಬಣ್ಣಗಳು ಹರಿದುಹೋದವು. ದೀಪಗಳು ಹೊತ್ತಿದಾಗ ಜನ ಕಣ್ಣೊರೆಸಿಕೊಂಡು ಏಳುತ್ತಿದ್ದರು. ಏತಕ್ಕೆಂದು ನನಗೆ ತಿಳಿದಿರಲಿಲ್ಲ.

ಅದೇ ಸಂಜೆ ನಾನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗಾಗಿ ಕಾಯುತ್ತಿದ್ದಾಗ ಹೊಸ ನಂಬರಿನಿಂದ ಫೋನು ಬಂತು. ಹೊಸ ನಂಬರುಗಳನ್ನು ನಾನು ಸಾಮಾನ್ಯವಾಗಿ ಎತ್ತುವುದಿಲ್ಲ. ಅಂದು ಎತ್ತಿದೆ.

‘ಅರ್ಧಾ ಪಿಚ್ಚರ್ ನುಂಗಿದಿಯಲ್ಲೊ ತಮ್ಮಾ’ ಎಂದಿತು ಆಯಿಯ ಧ್ವನಿ. ‘ಕಾಶಪ್ಪಗ ಕೇಳಿದ್ರ, ನನಗ ನಿದ್ದಿ ಹತ್ತಿತ್ತು, ಆ ಹುಡುಗ ಕಣ್ಣು ಬಿಟಗೊಂಡು ಕುಂತಿದ್ದ, ಅವಂಗ ಕೇಳು ಅಂದ. ಬಾಗಲಾ ಬಡದ ತನಕ ಅವನಾ ಹೇಳ್ಯಾನ. ಬಡದದ್ದು ಯಾರು? ಉಳದದ್ದು ಹೇಳು. ಆಮ್ಯಾಲ ಲಗ್ನದ ಮಾತು.’

ಆಯಿಯ ಹಿಂದೆ ಹಲವರ ಉಸಿರು ಕೇಳಿಸುತ್ತಿತ್ತು. ಮನೆಯವರೆಲ್ಲ ಕೂಡಿ ಕುಳಿತಿರಬೇಕು. ನೋಡಿಲ್ಲವೆಂದರೆ, ನೋಡದವನು ಅರ್ಧ ಚಿತ್ರವನ್ನು ಏಕೆ ನಿಲ್ಲಿಸಿದ ಎಂಬ ಪ್ರಶ್ನೆಗೆ ಉತ್ತರಿಸಬೇಕು. ಆ ಉತ್ತರದ ಬಳಿಕ ಯಾವ ಮನೆಯವರೂ ಹೆಣ್ಣು ಕೊಡುವುದಿಲ್ಲ.

‘ಬಾಗಿಲು ಬಡಿದವನು ಆ ತಾಯಿಯ ಕಿರಿಯ ಮಗ’ ಎಂದು ಆರಂಭಿಸಿದೆ. ಯಾಕೆ ಬಂದ ಎಂದರು ಆಯಿ. ಹಸಿವಾಗಿತ್ತು ಎಂದೆ. ಮುಂದೆ? ಮುಂದೆ ತಾಯಿ ಮಾತನಾಡಲಿಲ್ಲ, ರೊಟ್ಟಿ ಬಡಿಯುವುದಕ್ಕೆ ಕುಳಿತಳು ಎಂದೆ. ಎಲ್ಲಿಂದ ಬಂತೋ ತಿಳಿಯದು, ಮಾತು ಬರುತ್ತಲೇ ಹೋಯಿತು. ಅಣ್ಣ ಬಂದ, ಜಗಳವಾಯಿತು, ತಾಯಿ ಇಬ್ಬರ ನಡುವೆ ತಟ್ಟೆ ಇಟ್ಟಳು. ‘ಅಕಿ ಏನೂ ಅನ್ಲಿಲ್ರಿ ಆಯಿ. ಒಂದಾ ತಾಟಿನ್ಯಾಗ ಇಬ್ಬರಿಗೂ ಇಟ್ಟಳು. ತಿಂದ್ರ ಕೂಡಿ ತಿನ್ರಿ, ಇಲ್ಲಾ ಇಬ್ಬರೂ ಉಪಾಸ ಏಳ್ರಿ ಅಂದಂಗ.’ ಇದನ್ನು ಹೇಳಿದವನು ನಾನೇ ಎಂಬುದು ನನಗೆ ಸ್ವಲ್ಪ ತಡವಾಗಿ ತಿಳಿಯಿತು. ನನ್ನ ಬಸ್ಸು ಬಂದು ಹೋಗಿತ್ತು.

ಆ ಕಡೆ ಮೂಗು ಒರೆಸುವ ಸದ್ದಾಯಿತು. ‘ಛಲೋ ಅದ’ ಎಂದರು ಆಯಿ, ಬಳಿಕ ಮನೆಯವರಿಗೆ ಕೂಗಿ ಹೇಳಿದರು. ‘ಕಾಶಪ್ಪಗ ಹೇಳ್ರಿ, ಇವಂಗ ಮಾತು ಬರ್ತಾವ. ಲಗ್ನಕ್ಕ ದಿನಾ ನೋಡ್ರಿ, ಹೂಂ ಅಂದೀನಿ.’

ಫೋನು ಕೈ ಬದಲಾಯಿಸಿತು. ಹೆಜ್ಜೆಯ ಸಪ್ಪಳ, ಒಂದು ಬಾಗಿಲು ಸರಿದ ಸದ್ದು, ಬಳಿಕ ಅಂಬಿಕಾಳ ಸಣ್ಣ ಧ್ವನಿ.

‘ನೀವು ಹೇಳಿದ ಕಥಿ ಛಲೋ ಇತ್ರಿ. ಆದ್ರ ಪಿಚ್ಚರ್‌ನಾಗ ಹಂಗಿಲ್ಲ.’

ಮರುಕ್ಷಣವೇ ನನ್ನೊಳಗಿನ ಗುಣಮಟ್ಟ ವಿಭಾಗ ಎದ್ದು ಕುಳಿತಿತು. ಈ ಚಿತ್ರ ಬಿಡುಗಡೆಯಾದದ್ದು ಶುಕ್ರವಾರ. ಆಯಿ ನೋಡಿದ್ದು ಅರ್ಧ. ಹಾಗಾದರೆ ಇವಳಿಗೆ ಉಳಿದರ್ಧ ಹೇಗೆ ಗೊತ್ತು? ಯಾವ ಊರಿನಲ್ಲಿ, ಯಾರ ಜೊತೆ, ಮನೆಯಲ್ಲಿ ಏನೆಂದು ಹೇಳಿ ಹೋಗಿದ್ದಳು?

‘ನಿಮಗ ಹ್ಯಾಂಗ...’ ಎಂದು ಬಾಯಿ ತೆರೆದೆ.

‘ಅದನ್ನ ನೀವು ಕೇಳಂಗಿಲ್ಲ’ ಎಂದಳು. ‘ನೀವು ಎರಡೂವರಿ ತಾಸು ಒಳಗ ಕುಂತು ಏನ್ ನೋಡಿದ್ರಿ ಅಂತ ನಾನೂ ಕೇಳಂಗಿಲ್ಲ. ನಡೀತದೇನು?’

ಜೀವಮಾನದಲ್ಲಿ ಮೊದಲ ಬಾರಿಗೆ, ಪುರಾವೆ ಕೇಳದೆ ‘ನಡೀತದ’ ಎಂದೆ.

ಮದುವೆಯಾಗಿ ವರ್ಷ ಕಳೆಯಿತು. ಬಾಗಿಲು ಬಡಿದವರು ಯಾರೆಂಬುದು ನನಗೆ ಇನ್ನೂ ಗೊತ್ತಿಲ್ಲ. ಅದೇ ಚಿತ್ರ ಟಿವಿಯಲ್ಲಿ ಬಂದಾಗ ಮಧ್ಯಂತರದ ಹೊತ್ತಿಗೆ ಸರಿಯಾಗಿ ನಾನೇ ಎದ್ದು ಹೊರಗೆ ಹೋಗುತ್ತೇನೆ, ಅಂಬಿಕಾ ತಡೆಯುವುದಿಲ್ಲ. ಎಲ್ಲ ಸಂಶಯಗಳನ್ನೂ ಪರಿಹರಿಸಿಕೊಂಡುಬಿಟ್ಟರೆ ಸಂಸಾರದಲ್ಲಿ ಇಬ್ಬರಿಗೆ ಮಾತನಾಡದೆ ನಗುವುದಕ್ಕೆ ಏನು ಉಳಿಯುತ್ತದೆ?