ಮಾತು ಕೇಳದವಳ ದೀಕ್ಷಾಸ್ನಾನ

ನನ್ನ ಚಿಕ್ಕಮ್ಮನಷ್ಟು ಹೇಳಿದ ಮಾತು ಕೇಳುವ ಹೆಂಗಸನ್ನು ನಾನು ಕಂಡಿಲ್ಲ. ಆದರೂ ನಮ್ಮ ಕ್ರೈಸ್ತ ಸಭೆಯಲ್ಲಿ ಅವಳಿಗೆ ಬಿದ್ದ ಹೆಸರು 'ಮಾತು ಕೇಳದವಳು'. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಚಿಕ್ಕಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಕಿಟಕಿಯಿಲ್ಲದ ನೆಲಮಾಳಿಗೆ, ಉಗಿಗೆ ಒದ್ದೆಯಾದ ಗೋಡೆಗಳು, ಎಷ್ಟು ಮಾಡಿದರೂ ಕರಗದ ಹೊದಿಕೆಗಳ ರಾಶಿ. ಅವಳ ಎಡ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಮೂಡಿದಂಥ ಸುಟ್ಟ ಕಲೆಯಿದೆ. ಕೆಲಸ ಮಾಡುವಾಗ ಆದದ್ದೆಂದು ಜೊತೆಯವರು ತಿಳಿದಿದ್ದಾರೆ. ಅಲ್ಲ. ಚಿಕ್ಕಪ್ಪ ಕುಡಿದು ಬಂದು, ಮನೆಯಲ್ಲಿ, ಬೇಕೆಂದೇ ಒತ್ತಿದ್ದು. ಮರುದಿನ ಅವಳು ಅವನ ಬಟ್ಟೆಗಳನ್ನೆಲ್ಲ ನೀಟಾಗಿ ಮಡಿಸಿ, ಚೀಲಕ್ಕೆ ತುಂಬಿ ಹೊರಗಿಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡಳು. ಅಂಥವನ ಬಟ್ಟೆಯನ್ನು ಮಡಿಸುವುದು ಬೇರೆ ಕೇಡು ಎಂದು ನಾನು ರೇಗಿದರೆ, "ಕೈಗೆ ಅಭ್ಯಾಸ ಕಣೆ" ಅಂದಳು.

ಆಮೇಲೆ ಅವಳು ನಮ್ಮ ಸಭೆಗೆ ಬರತೊಡಗಿದಳು, ದೀಕ್ಷಾಸ್ನಾನ ಬೇಕೆಂದು ಕೇಳಿದಳು. ನಮ್ಮಲ್ಲಿ ತಲೆಗೆ ನೀರು ಚಿಮುಕಿಸಿ ಮುಗಿಸುವುದಿಲ್ಲ. ಪ್ರಾರ್ಥನಾ ಮಂದಿರದ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಮುಳುಗಿದಾಗ ಹಳೆಯ ಮನುಷ್ಯ ಕ್ರಿಸ್ತನೊಂದಿಗೆ ಸಾಯುತ್ತಾನೆ, ಎದ್ದಾಗ ಹೊಸಬ ಏಳುತ್ತಾನೆ ಎಂಬುದು ಅರ್ಥ. ಪಾಸ್ಟರ್ ಮೆತ್ತನೆಯ ಮುದುಕ. ನಿಜವಾದ ಅಧಿಕಾರವೆಲ್ಲ ಸಭೆಯ ಹಿರಿಯರೊಬ್ಬರದು. ಅವರು ಕೆಮ್ಮಿದರೆ ಪಾಸ್ಟರ್ ಮಾಡುವ ಪ್ರಸಂಗ ಮೊಟಕಾಗುತ್ತದೆ. ಬೈಬಲಿನ ಹತ್ತು ಆಜ್ಞೆಗಳು ಸಾಲವೆಂದು ಹುಡುಗಿಯರೆಲ್ಲ ಸೇರಿ ಅವರಿಗೆ 'ಹನ್ನೊಂದನೇ ಆಜ್ಞೆ' ಎಂದು ಹೆಸರಿಟ್ಟಿದ್ದೆವು.

"ದೀಕ್ಷಾಸ್ನಾನ ಅಂದ್ರೆ ವಿಧೇಯತೆ ಕಣಮ್ಮ," ಎಂದರು ಹಿರಿಯರು. "ಗಂಡನ ಮಾತು ಕೇಳದವಳು ದೇವರ ಮಾತು ಏನು ಕೇಳ್ತಾಳೆ? ಮೊದಲು ಅವನನ್ನ ಮನೆಗೆ ಸೇರಿಸ್ಕೋ."

ಚಿಕ್ಕಮ್ಮ ಎದುರಾಡಲಿಲ್ಲ. ಅವನನ್ನು ಸೇರಿಸಿಕೊಳ್ಳಲೂ ಇಲ್ಲ. ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲಿ ಕಾದಳು. ನಾಚಿಕೆಗೆಟ್ಟವರು, ದೀಕ್ಷಾಸ್ನಾನಕ್ಕೆ ಬರುವವರು ಹಾಕಿಕೊಳ್ಳುವ ಬಿಳಿ ನಿಲುವಂಗಿಗಳನ್ನು ಪ್ರತಿ ಸಲ ಇವಳ ಕೈಯಲ್ಲೇ ಒಗೆಸಿ ಇಸ್ತ್ರಿ ಮಾಡಿಸಿದರು. ಒಂದು ಸುಕ್ಕೂ ಇಲ್ಲದಂತೆ ಮಾಡಿಕೊಟ್ಟಳು.

"ನಿನಗೆ ಮಾನ ಮರ್ಯಾದೆ ಏನೂ ಇಲ್ವಾ?" ಎಂದು ಕಿರುಚಿದ್ದೆ.

"ಯಾವ ಪಾಪ ಮಾಡಿದ್ದ ಅಂತ ಯೇಸು ಪಾಪಿಗಳ ಜೊತೆ ದೀಕ್ಷಾಸ್ನಾನಕ್ಕೆ ನದಿಗಿಳಿದ? ಇಳೀಬೇಕು ಅಂತ ತಂದೆ ದೇವರು ಹೇಳಿದ್ರು, ಇಳಿದ. ನಾನೂ ಇಳೀತೀನಿ, ಸುಮ್ನಿರು."

ಕಳೆದ ಬೇಸಿಗೆಯ ಒಂದು ಭಾನುವಾರ ಎಲ್ಲರೂ ತೊಟ್ಟಿಯ ಸುತ್ತ ನಿಂತಿದ್ದೆವು. ಚಿಕ್ಕಮ್ಮ ಟವೆಲುಗಳನ್ನು ಹಿಡಿದು ಮೆಟ್ಟಿಲ ಬಳಿ ಇದ್ದಳು. ಹಿರಿಯರು ಒಬ್ಬನನ್ನು ಕೈಹಿಡಿದು ಕರೆತಂದರು. ಚಿಕ್ಕಪ್ಪ! ಪಶ್ಚಾತ್ತಾಪಪಟ್ಟಿದ್ದಾನಂತೆ. ಮೈಮೇಲೆ ಇವಳೇ ಇಸ್ತ್ರಿ ಮಾಡಿದ ನಿಲುವಂಗಿ.

ನೀರಿನಲ್ಲಿ ನಿಂತ ಪಾಸ್ಟರ್ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಅವನನ್ನೂ ಕೇಳಿದರು. "ಇನ್ಮುಂದೆ ಯಾರ ಮಾತು ಕೇಳ್ತೀಯಪ್ಪ?"

"ಯೇಸುವಿನ ಮಾತು," ಅಂದ. ಮುಳುಗಿಸಿ ಎತ್ತಿದರು. ಅಷ್ಟು ಸಲೀಸು.

ಹಿರಿಯರು ಚಿಕ್ಕಮ್ಮನ ಕಡೆ ತಿರುಗಿದರು. "ನೋಡಮ್ಮ, ಹಳೇ ಮನುಷ್ಯ ಈ ನೀರಲ್ಲೇ ಸತ್ತ. ಇವನು ಹೊಸಬ. ಮನೆಗೆ ಕರ್ಕೊಂಡು ಹೋಗು. ಮುಂದಿನ ಸಲ ನಿನ್ನದು."

ಚಿಕ್ಕಮ್ಮ ಅವನ ಕೈಗೆ ಟವೆಲು ಕೊಟ್ಟಳು. "ನಾನು ಕಟ್ಕೊಂಡಿದ್ದು ಹಳಬರನ್ನ. ಅವರು ಸತ್ತರು ಅಂತ ನೀವೇ ಹೇಳ್ತಿದ್ದೀರಿ. ಈ ಹೊಸಬರು ಯಾರೋ, ನನಗೆ ಪರಿಚಯ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅವಳು ಉಳಿದ ಟವೆಲುಗಳನ್ನು ಕೆಳಗಿಟ್ಟು, ಉಟ್ಟ ಬಟ್ಟೆಯಲ್ಲೇ ನೀರಿಗಿಳಿದಳು. ಪಾಸ್ಟರ್ ಹಿರಿಯರ ಮುಖ ನೋಡಿದರು. ಹಿರಿಯರು ಸರಸರನೆ ಹೋಗಿ ತೊಟ್ಟಿಯ ನೀರು ಹೊರಬಿಡುವ ನಲ್ಲಿಯನ್ನು ತಿರುಗಿಸಿಬಿಟ್ಟರು. ಸೊಂಟದ ಮಟ್ಟದ ನೀರು ಇಳಿಯತೊಡಗಿತು. ಒಬ್ಬ ಹೆಂಗಸಿಗೆ ನೀರು ಸಿಗಬಾರದೆಂದು ದೇವರ ಮನೆಯಲ್ಲಿ ನಲ್ಲಿ ತಿರುಗಿಸುವವನಿಗೆ ಏನನ್ನಬೇಕು?

"ಅವರ ಕಡೆ ನೋಡ್ಬೇಡಿ ಪಾಸ್ಟರೇ," ಎಂದಳು ಚಿಕ್ಕಮ್ಮ. "ನೀವು ಕೇಳಿ, ನಾನು ಹೇಳ್ತೀನಿ."

ಪಾಸ್ಟರ್ ಅವಳ ಕಡೆ ತಿರುಗಿದರು. "ಯಾರ... ಯಾರ ಮಾತು ಕೇಳ್ತೀಯಮ್ಮ?"

"ಯೇಸುವಿನ ಮಾತು. ಇವರನ್ನ ಮನೆಗೆ ಸೇರಿಸ್ಕೋ ಅಂತ ಆತ ನನಗೆ ಹೇಳಿಲ್ಲ."

ನೀರು ಮಂಡಿಗೆ ಬಂದಿತ್ತು. "ಮಂಡಿಯೂರಮ್ಮ, ಬೇಗ!" ಎಂದ ಪಾಸ್ಟರ್ ಹಿರಿಯರತ್ತ ನೋಡದೆಯೇ ಅವಳ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಮುಳುಗಿಸಿದರು. ಅವಳು ಕೆಮ್ಮುತ್ತ, ಅಳುತ್ತ, ನಗುತ್ತ ಎದ್ದಳು.

"ಇದು ಲೆಕ್ಕಕ್ಕಿಲ್ಲ!" ಎಂದು ಹಿರಿಯರು ಕೂಗಾಡಿದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಒದ್ದೆ ಬಟ್ಟೆಯಲ್ಲೇ ನನ್ನ ಜೊತೆ ಮನೆಗೆ ನಡೆದಳು. ಅವನು ಅದೇ ನೀರಲ್ಲಿ ಮುಳುಗಿ ಸಾಯಬೇಕಿತ್ತು ಎಂದು ನಾನು ದಾರಿಯುದ್ದಕ್ಕೂ ಬೈದೆ.

"ನಾನು ಅವನನ್ನ ಕ್ಷಮಿಸಿದ್ದೀನಿ ಕಣೆ," ಎಂದಳು. "ಅದು ಯೇಸು ಹೇಳಿದ ಮಾತು, ಕೇಳಲೇಬೇಕು. ಮನೆಗೆ ಸೇರಿಸೋದು ಬೇರೆ."

"ಹಿರಿಯರನ್ನೂ ಕ್ಷಮಿಸಿದ್ಯಾ?"

"ಅವರನ್ನೂ. ಅದಿರಲಿ, ನೀನು ಯಾವಾಗ ನೀರಿಗಿಳಿಯೋದು?"

ಇಳಿಯುವ ಆಸೆ ನನಗೂ ಇದೆ. ಆದರೆ ಯಾರ ಮಾತು ಕೇಳ್ತೀಯಮ್ಮ ಎಂದು ಪಾಸ್ಟರ್ ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತದೆ. ಆ ಇಬ್ಬರನ್ನೂ ನಾನಿನ್ನೂ ಕ್ಷಮಿಸಿಲ್ಲ.